ಹಳೇ ಗಾಡಿಯ ಮುಚ್ಚಳ

ಆ ಬೀದಿಯಲ್ಲಿ ಅವಳಿಗೆ ಯಾಕಕ್ಕ ಅಂತಲೇ ಹೆಸರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಕೇಳಿದರೆ 'ಯಾಕೆ, ಅದನ್ನ ಕಟ್ಟಿಕೊಂಡು ನಿಂಗೇನಾಗಬೇಕು?' ಅನ್ನುತ್ತಾಳೆಂದು ಹೆದರಿ ಯಾರೂ ಕೇಳುತ್ತಿರಲಿಲ್ಲ. ಹಾಲಿನವನು ಬೇಗ ಬಂದರೆ ಯಾಕೆ, ತಡವಾಗಿ ಬಂದರೆ ಯಾಕೆ. ಹಣ್ಣಿನ ಅಂಗಡಿಯವನು ಒಂದು ಹಣ್ಣು ಹೆಚ್ಚಿಗೆ ಹಾಕಿದರೆ ಉಳಿದವರು ನಕ್ಕು ಮನೆಗೆ ಹೋಗುತ್ತಾರೆ; ಇವಳು ಚೀಲವನ್ನು ಅಲ್ಲೇ ಕಟ್ಟೆಯ ಮೇಲೆ ಸುರಿದು, ಒಂದೊಂದನ್ನೂ ತಿರುಗಿಸಿ, ಕೊಳೆತದ್ದು ಯಾವುದೆಂದು ಹುಡುಕುವಳು. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನೀವು ನೋಡಿರುತ್ತೀರಿ. ಇವಳು ಕಲ್ಲು ಸಿಗದಿದ್ದರೆ 'ಎಲ್ಲಿ ಬಚ್ಚಿಟ್ಟೆ' ಎಂದು ಕೇಳುವ ಪೈಕಿ.

ಹಾಗಂತ ಕೆಟ್ಟವಳಲ್ಲ. ಮನೆಯ ಹಿಂದಿನ ಉದ್ದನೆಯ ತಗಡಿನ ಶೆಡ್ಡಿನಲ್ಲಿ ಅವಳ ಲಾಂಡ್ರಿ. ಸಿಮೆಂಟಿನ ತೊಟ್ಟಿಗಳು, ನೀರು ಕಾಯಿಸುವ ಹಂಡೆ, ಇಸ್ತ್ರಿಯ ಉದ್ದ ಮೇಜು, ಹಿತ್ತಲಿನ ತುಂಬ ಹಗ್ಗ. ಗುಡ್ಡದ ಮೇಲಿನ ಆಸ್ಪತ್ರೆಯ ಹಾಸಿಗೆ ಬಟ್ಟೆ, ಡಾಕ್ಟರುಗಳ ಬಿಳಿ ಕೋಟು, ಎರಡು ಹೋಟೆಲುಗಳ ಮೇಜುಬಟ್ಟೆ, ಎಲ್ಲ ಅವಳ ಕೈಯಲ್ಲೇ ಬೆಳ್ಳಗಾಗಿ ಹೋಗಬೇಕು. ಗಂಜಿ ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ಹೋಟೆಲಿನ ಒರಟು ಮೇಜುಬಟ್ಟೆಗೆ ಗಟ್ಟಿ ಗಂಜಿ, ಡಾಕ್ಟರ ಕೋಟಿಗೆ ನೀರು ನೀರಾದ ಗಂಜಿ. ಹೊಸದಾಗಿ ಸೇರಿದ ಹೆಂಗಸೊಬ್ಬಳು ಕೋಟುಗಳನ್ನು ಗಟ್ಟಿ ಗಂಜಿಯಲ್ಲಿ ಅದ್ದಿದ ದಿನ ಯಾಕಕ್ಕ ಶೆಡ್ಡಿನ ತಗಡು ಹಾರುವ ಹಾಗೆ ಕೂಗಾಡಿದ್ದಳು. ಸಣ್ಣ ನೇಯ್ಗೆಯೊಳಗೆ ಗಟ್ಟಿ ಗಂಜಿ ಇಳಿಯುವುದಿಲ್ಲ, ಮೇಲೇ ಕೂತು ಹೊಪ್ಪಳಿಕೆ ಏಳುತ್ತದೆ. ಇದು ಅವಳಿಗೆ ನಿದ್ದೆಯಲ್ಲೂ ಗೊತ್ತು.

ಅವಳ ಅನುಮಾನಕ್ಕೆ ಒಂದು ಹುಟ್ಟಿದ ದಿನ ಇದೆ. ಮೊದಲು ಗಾಡಿ ಓಡಿಸುತ್ತಿದ್ದವನು ಅವಳ ಗಂಡ. ಹಳೇ ಕಾಲದ ಪಿಕಪ್ಪು, ಎಮ್ಮೆಯ ಹಾಗೆ ನಿಧಾನ, ಎಮ್ಮೆಯ ಹಾಗೆ ಗಟ್ಟಿ. ಒಂದು ದಿನ ಹೊಟ್ಟೆನೋವು ಎಂದು ಮಲಗಿದ. ಆಸ್ಪತ್ರೆಗೆ ತೋರಿಸಲು ಹೋದಾಗ ಡಾಕ್ಟರು 'ಪರವಾಗಿಲ್ಲ' ಎಂದರು. ಮರುದಿನವೂ 'ಪರವಾಗಿಲ್ಲ' ಎಂದರು. ಆಮೇಲೆ ಒಂದು ಬೆಳಿಗ್ಗೆ ಅವನು ಇಲ್ಲವಾದ. ಯಾಕೆ ಎಂದು ಅವಳು ಕೇಳಿದಳು, ಒಬ್ಬರೂ ಸರಿಯಾಗಿ ಹೇಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದಿನಿಂದ 'ಪರವಾಗಿಲ್ಲ' ಎಂಬ ಮಾತು ಕೇಳಿದರೆ ಅವಳ ಮೈ ಉರಿಯುತ್ತಿತ್ತು. ಅಂದಿನಿಂದಲೇ ಅವಳು ಎಲ್ಲರನ್ನೂ ಯಾಕೆ ಎಂದು ಕೇಳತೊಡಗಿದ್ದು.

ಆ ಯಾಕೆಗಳಿಗೆಲ್ಲ ಬೇಸರವಿಲ್ಲದೆ ಉತ್ತರ ಹೇಳಿದ ಪ್ರಾಣಿ ಈ ಭೂಮಿಯ ಮೇಲೆ ಒಂದೇ: ಅವಳ ತಮ್ಮ. ತಾಯಿ ಸತ್ತಾಗ ಅವನು ತೊಟ್ಟಿಯ ಅಂಚು ಹಿಡಿದು ನಡೆಯುವ ಮಗು. ಅವಳೇ ಉಣಿಸಿ, ಮೀಯಿಸಿ, ಬೆನ್ನಿಗೆ ಗುದ್ದಿ, ಗ್ಯಾರೇಜು ಕೆಲಸ ಕಲಿಯಲು ಕಳಿಸಿದ್ದಳು. ಈಗ ಅವನಿಗೆ ಅದೇ ಬೀದಿಯ ತುದಿಯಲ್ಲಿ ಸ್ವಂತ ಗ್ಯಾರೇಜು. ಭಾವ ಹೋದ ಮೇಲೆ ಅಕ್ಕನ ಪಕ್ಕ ಕೂತು ಗಾಡಿ ಕಲಿಸಿದವನೂ ಅವನೇ. ಕ್ಲಚ್ಚು ಒತ್ತು ಅಂದರೆ ಯಾಕೆ, ಬಿಡು ಅಂದರೆ ಯಾಕೆ, ಇಳಿಜಾರಿನಲ್ಲಿ ಗೇರು ಇಳಿಸು ಅಂದರೆ ಯಾಕೆ. ಬೇರೆ ಯಾರಾದರೂ ಆಗಿದ್ದರೆ ಮೊದಲ ತಿರುವಿನಲ್ಲೇ ಇಳಿದು ಓಡುತ್ತಿದ್ದರು. ಅವನು ಪ್ರತಿಯೊಂದಕ್ಕೂ ಉತ್ತರ ಹೇಳಿದ. ತಾನು ಯಾರನ್ನಾದರೂ ನಂಬಿದ್ದರೆ ಅದು ತಮ್ಮನನ್ನು ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಹಳೇ ಪಿಕಪ್ಪು ಕೊನೆಗೊಂದು ದಿನ ಏಳಲಾರೆ ಎಂದಿತು. ಗುಜರಿಯವನು ಬಂದ. ಗಾಡಿ ಎಳೆದುಕೊಂಡು ಹೋಗುವ ಮುಂಚೆ ಅವಳು ಬಾನೆಟ್ ಎತ್ತಿ, ಇಂಜಿನ್ನಿಗೆ ಎಣ್ಣೆ ಹಾಕುವ ಬಾಯಿಯ ಕಬ್ಬಿಣದ ಮುಚ್ಚಳವನ್ನು ತಿರುಗಿಸಿ ತೆಗೆದುಕೊಂಡಳು. ಗಂಡ ಪ್ರತಿ ಬೆಳಿಗ್ಗೆ ಮುಟ್ಟುತ್ತಿದ್ದ ವಸ್ತು ಅದು. ಅವನ ಹೆಬ್ಬೆರಳು ತಿಕ್ಕಿ ತಿಕ್ಕಿ ಅಂಚು ಸವೆದಿತ್ತು. 'ಮುಚ್ಚಳ ಯಾಕಮ್ಮ?' ಎಂದ ಗುಜರಿಯವನು. ಆ ಪ್ರಶ್ನೆಯನ್ನು ಅವಳಿಗೇ ಕೇಳಿದ ಮೊದಲ ಮನುಷ್ಯ ಅವನಿರಬೇಕು. ಅವಳು ಮುಚ್ಚಳವನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಆಮೇಲೆ ಅದೇ ಕಂಪನಿಯ ಹೊಸ ಪಿಕಪ್ಪು ಬಂತು. ಅದರ ಎಣ್ಣೆಯ ಮುಚ್ಚಳ ಪ್ಲಾಸ್ಟಿಕ್ಕಿನದು. 'ಆಟದ ಸಾಮಾನಿನ ಹಾಗಿದೆ' ಎಂದು ಮೂಗು ಮುರಿದು, ಹಳೆಯದನ್ನು ತಿರುಗಿಸಿ ನೋಡಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು. ಪ್ಲಾಸ್ಟಿಕ್ಕಿನದನ್ನು ತಮ್ಮನ ಗ್ಯಾರೇಜಿನ ಮೂಲೆಗೆ ಎಸೆದಳು. ಡಬ್ಬಿಗೆ ಮುಚ್ಚಳ ಸರಿ ಕೂತರೆ ಮುಗಿಯಿತು, ಅದರಲ್ಲೇನಿದೆ? ಹಾಗೆಂದುಕೊಂಡಳು; ದಿನಾ ಬೆಳಿಗ್ಗೆ ಹಳೆಯದನ್ನು ಒರೆಸಿದಳು, ಪ್ಲಾಸ್ಟಿಕ್ಕಿನದನ್ನು ಮರೆತಳು. ಈ ಮುಚ್ಚಳದ ಸಂಗತಿ ನೀವು ಮಾತ್ರ ಮರೆಯಬೇಡಿ.

ಕೆಲವು ವರ್ಷ ಎಲ್ಲ ಸರಾಗವಾಗಿ ನಡೆಯಿತು. ಸರ್ವೀಸಿಗೆ ಗಾಡಿ ಬಿಟ್ಟು, ಅವಳು ಒಳಗೆ ತಮ್ಮನ ಹೆಂಡತಿಯ ಜೊತೆ ಚಹಾ ಕುಡಿಯುತ್ತ ಕೂರುತ್ತಿದ್ದಳು. ಒಂದು ಸಲ ಚಹಾ ಬಿಸಿಯಿತ್ತೆಂದು ಲೋಟ ಹಿಡಿದುಕೊಂಡೇ ಹೊರಗೆ ಬಂದಳು. ತಮ್ಮ ಇಂಜಿನ್ನಿಗೆ ಎಣ್ಣೆ ಸುರಿಯುತ್ತಿದ್ದ. ಡ್ರಮ್ಮಿನಿಂದ ಜಗ್ಗಿಗೆ, ಜಗ್ಗಿನಿಂದ ಆಲಿಕೆಗೆ. ಸರಸರ ಇಳಿಯುತ್ತಿತ್ತು, ನಲ್ಲಿಯ ನೀರಿನ ಹಾಗೆ.

ಅವಳು ಹತ್ತಿರ ಹೋಗಿ ಜಗ್ಗಿನ ಅಂಚಿನಿಂದ ಒಂದು ಹನಿ ಬೆರಳಿಗೆ ತೆಗೆದುಕೊಂಡು ಉಜ್ಜಿ ನೋಡಿದಳು. ಗಂಡ ಹೇಳುತ್ತಿದ್ದದ್ದು ನೆನಪಿತ್ತು: ಎಣ್ಣೆ ಅಂದರೆ ಎರಡು ಬೆರಳ ನಡುವೆ ಎಳೆ ಬಿಡಬೇಕು. ಇದು ಎಳೆಯೂ ಇಲ್ಲ, ಗಿಳೆಯೂ ಇಲ್ಲ. ಡ್ರಮ್ಮಿನ ಮೇಲೆ ಚೀಟಿಯೂ ಇರಲಿಲ್ಲ. ತಮ್ಮ ತಲೆ ಎತ್ತಿ ನೋಡಿ ನಕ್ಕ. ಅಕ್ಕ ಈಗ ಯಾಕೆ ಅನ್ನುತ್ತಾಳೆ ಎಂದು ಒಂದು ಗಳಿಗೆ ಕಾದ. ಅವಳು ಏನೂ ಅನ್ನಲಿಲ್ಲ. ಬೆರಳನ್ನು ಬಟ್ಟೆಗೆ ಒರೆಸಿಕೊಂಡು ಒಳಗೆ ಹೋದಳು.

ಒಳಗೆ ತಮ್ಮನ ಹೆಂಡತಿ ಸಡಗರದಿಂದ ಹೊಸ ಬಟ್ಟೆ ತೊಳೆಯುವ ಯಂತ್ರ ತೋರಿಸಿದಳು. ಲಾಂಡ್ರಿ ಇಟ್ಟವಳ ತಮ್ಮನ ಮನೆಗೆ ಬಟ್ಟೆ ತೊಳೆಯುವ ಯಂತ್ರ. 'ಇದು ಎಲ್ಲಿಂದ ಬಂತು?' ಎಂದು ಯಾಕಕ್ಕನ ಬಾಯಿ ಕೇಳಲಿಲ್ಲ, ಮನಸ್ಸು ಕೇಳಿತು. ನೀರಿನಂಥ ಎಣ್ಣೆ ಕಣ್ಣ ಮುಂದೆ ಹರಿಯಿತು. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ. ಅವಳಿಗೆ ಆ ದಿನ ಕಾಮಾಲೆ ಹತ್ತಿತು, ಅಷ್ಟೇ.

ಮಾರನೆಯ ದಿನವೇ ದೊಡ್ಡ ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದಳು. ವೈಪರ್ ಕೊಳ್ಳುವ ನೆಪ.

"ನನ್ನ ಗಾಡಿಗೆ ಯಾವ ಎಣ್ಣೆ ಹಾಕ್ಬೇಕಪ್ಪ?" ಎಂದಳು, ಏನೂ ಗೊತ್ತಿಲ್ಲದವಳ ಹಾಗೆ.

ಅಂಗಡಿಯವನಿಗೆ ಊಟದ ಹೊತ್ತು. ಬಾನೆಟ್ ಎತ್ತಿ ಬಗ್ಗಿ ನೋಡಿದ. "ಮುಚ್ಚಳದ ಮೇಲೇ ಇದೆಯಲ್ಲಮ್ಮ. ಇಪ್ಪತ್ತು-ಐವತ್ತು. ದಪ್ಪ ಎಣ್ಣೆ. ಯಾಕೆ, ಈಗ ಯಾವ್ದು ಹಾಕಿಸ್ತಿದ್ದೀರಿ?"

ಮುಚ್ಚಳದ ಮೇಲೆ ಅಂಕಿಗಳು ಅಚ್ಚೊತ್ತಿದ್ದವು. ಇಷ್ಟು ವರ್ಷ ಮುಟ್ಟಿದ್ದಳು, ಒರೆಸಿದ್ದಳು, ಓದಿರಲಿಲ್ಲ. ಈಗ ಓದಿದಳು. ಆ ಮುಚ್ಚಳ ಎಲ್ಲಿಂದ ಬಂತೆಂಬುದು ನೆನಪಾಗಬೇಕಿತ್ತು. ಆದರೆ ಸಿಟ್ಟು ತುಂಬಿದ ತಲೆಯಲ್ಲಿ ನೆನಪಿಗೆ ಜಾಗ ಎಲ್ಲಿರುತ್ತದೆ? ಮನುಷ್ಯರು ಸುಳ್ಳು ಹೇಳುತ್ತಾರೆ, ಕಬ್ಬಿಣಕ್ಕೆ ಒತ್ತಿದ ಅಕ್ಷರ ಹೇಳುತ್ತದೆಯೇ ಎಂದುಕೊಂಡಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂದುಕೊಂಡಳು. ಲೋಕವನ್ನೆಲ್ಲ ಜರಡಿ ಹಿಡಿದ ಹೆಂಗಸು ತನ್ನ ಕೈಯಾರೆ ಇಟ್ಟದ್ದನ್ನು ಮಾತ್ರ ಜರಡಿಗೆ ಹಾಕಲಿಲ್ಲ.

ಅಲ್ಲಿಂದ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಮ್ಮನನ್ನು ಕಾದಳು. ಗ್ಯಾರೇಜಿಗೆ ಹೊಸ ತಗಡು ಬಂದರೆ ಓಹೋ. ತಮ್ಮನ ಹೆಂಡತಿ ಹೊಸ ಚಪ್ಪಲಿ ಹಾಕಿದರೆ ಓಹೋ. ತಮ್ಮ ಎದುರು ಸಿಕ್ಕು "ಗಾಡಿ ಹೇಗಿದೆ ಅಕ್ಕ?" ಎಂದರೆ, ಯಾಕೆ ಕೇಳಿದ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಕೇಳದೆ ಹೋದರೆ, ಯಾಕೆ ಕೇಳಲಿಲ್ಲ. ಪಾಪ, ಅವನಿಗೆ ಉಳಿಯುವ ದಾರಿಯೇ ಇರಲಿಲ್ಲ.

ಮುಂದಿನ ಸರ್ವೀಸಿನ ಹೊತ್ತಿಗೆ ಅವಳ ಗಾಡಿ ತಮ್ಮನ ಗ್ಯಾರೇಜಿನ ಮುಂದೆ ನಿಧಾನ ಮಾಡದೆ ಹಾದು, ದೊಡ್ಡ ರಸ್ತೆಯ ಇನ್ನೊಂದು ಗ್ಯಾರೇಜಿಗೆ ಹೋಯಿತು. ತಮ್ಮ ಸ್ಪ್ಯಾನರ್ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅವಳು ತಿರುಗಿ ನೋಡಲಿಲ್ಲ, ಕನ್ನಡಿಯಲ್ಲಿ ನೋಡಿದಳು. ಅವನು ರಸ್ತೆಯ ಮಧ್ಯಕ್ಕೆ ಬಂದು ನಿಂತು ಗಾಡಿ ಹೋದ ಕಡೆಗೇ ನೋಡುತ್ತಿದ್ದ.

ಆ ಗ್ಯಾರೇಜಿನವನು ಮುಚ್ಚಳ ಓದಿ, ಹಳೇ ಎಣ್ಣೆ ಇಳಿಸಿ, ದಪ್ಪ ಎಣ್ಣೆ ತುಂಬಿದ. ಅವಳು ಪಕ್ಕದಲ್ಲೇ ನಿಂತು ಬೆರಳಿಗೆ ತೆಗೆದುಕೊಂಡು ನೋಡಿದಳು. ಎಳೆ ಬಿಟ್ಟಿತು. ಗಂಡನೇ ಬಂದು ಭುಜ ತಟ್ಟಿದಷ್ಟು ಸಮಾಧಾನವಾಯಿತು.

ಬಾಯಿ ಸುಮ್ಮನಿರಬೇಕಲ್ಲ. ಬೇಕರಿಯ ಮುಂದೆ ನಾಲ್ಕು ಜನ ಸೇರಿದ್ದಾಗ, "ಒಡಹುಟ್ಟಿದವರೇ ನೀರು ಬೆರೆಸೋ ಕಾಲ ಇದು, ಹಾಲಿನವನನ್ನ ಬೈದು ಏನು ಪ್ರಯೋಜನ?" ಎಂದಳು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವಳಿಗೆ ಒಡಹುಟ್ಟಿದವನು ಒಬ್ಬನೇ. ಮಾತು ಬೀದಿಯ ಆ ತುದಿಗೆ ಅವಳಿಗಿಂತ ಮೊದಲೇ ತಲುಪಿತು. ತಮ್ಮನ ಹೆಂಡತಿ ಒಂದು ಸಂಜೆ ಶೆಡ್ಡಿನ ಬಾಗಿಲಿಗೆ ಬಂದು, "ಅತ್ತಿಗೆ, ಇವರೇನು ತಪ್ಪು ಮಾಡಿದ್ರು ಅಂತ ಹೇಳಿ, ನಾನೇ ಕೇಳ್ತೀನಿ" ಎಂದಳು.

"ಅವನಿಗೇ ಗೊತ್ತಿರುತ್ತೆ," ಎಂದು ಯಾಕಕ್ಕ ಇಸ್ತ್ರಿ ಪೆಟ್ಟಿಗೆ ಒತ್ತಿದಳು. ಕೋಟಿನ ಕಾಲರು ಸುಟ್ಟಿತು.

ಅಂದು ಅವಳಿಗೆ ಊಟ ಸೇರಲಿಲ್ಲ. ಗಂಡ ಹೋದ ಮೇಲೆ ಅವಳಿಗೆ ಉಳಿದಿದ್ದೇ ಒಬ್ಬ ತಮ್ಮ. ಅವನೂ ಕಳ್ಳನಾಗಿದ್ದರೆ ಈ ಊರಿನಲ್ಲಿ ತಾನು ಯಾರ ಮುಂದೆ ಕೂತು ಚಹಾ ಕುಡಿಯಬೇಕು? ಹಾಗೆ ಯೋಚಿಸಿ ಕಣ್ಣಲ್ಲಿ ನೀರು ತಂದುಕೊಂಡಳು. ಅವನು ಕಳ್ಳನಲ್ಲದಿದ್ದರೆ ಎಂದು ಯೋಚಿಸಿದ್ದರೆ ಇನ್ನೂ ಹೆಚ್ಚು ನೀರು ಬರುತ್ತಿತ್ತು. ಅದಕ್ಕೇ ಯೋಚಿಸಲಿಲ್ಲವೋ ಏನೋ.

ಚಳಿ ಶುರುವಾಯಿತು. ಬೆಳಿಗ್ಗೆ ಗಾಡಿ ಹೊರಡಿಸಿದರೆ ಇಂಜಿನ್ನಿನ ತಲೆಯಲ್ಲಿ ಟಕಟಕ ಎಂದು ಸದ್ದು, ಎಣ್ಣೆಯ ಕೆಂಪು ದೀಪ ಆರಲು ಹೊತ್ತು. ಕಾದ ಮೇಲೆ ಸದ್ದು ನಿಲ್ಲುತ್ತಿತ್ತು. ದೊಡ್ಡ ರಸ್ತೆಯ ಗ್ಯಾರೇಜಿನವನನ್ನು ಕೇಳಿದಳು. "ಚಳಿಗೆ ಹಾಗೇ. ಪರವಾಗಿಲ್ಲ," ಎಂದ.

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವನ ಗ್ಯಾರೇಜು ನಡುಗಬೇಕಿತ್ತು. ಅವಳು ಸುಮ್ಮನೆ ಬಂದಳು. ತಮ್ಮ ಇಷ್ಟು ವರ್ಷ ಹಾಕಿದ ನೀರೆಣ್ಣೆಯಿಂದಲೇ ಇಂಜಿನ್ನು ಸವೆದಿದೆ ಎಂದು ಅವಳಾಗಲೇ ತೀರ್ಮಾನಿಸಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆಮೇಲಾಮೇಲೆ ಏರಿನಲ್ಲಿ ಒಂದು ಸಣ್ಣ ಸೀಟಿ ಕೇಳತೊಡಗಿತು. ಒಂದು ದಿನ ಬೆಳಿಗ್ಗೆ ಹಾಸಿಗೆ ಬಟ್ಟೆಯ ಗಂಟುಗಳನ್ನು ಹೇರಿಕೊಂಡು ಆಸ್ಪತ್ರೆಯ ಗುಡ್ಡ ಹತ್ತುವಾಗ ಆ ಸೀಟಿ ಕೀರಲಾಗಿ, ಹಿಂದಿನಿಂದ ನೀಲಿ ಹೊಗೆ ಎದ್ದು, ಗಾಡಿಯ ಶಕ್ತಿ ಉಡುಗಿ ಹೋಯಿತು. ಅವಳು ಪಕ್ಕಕ್ಕೆ ತಂದು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟಳು. ಮೇಲೆ ಆಸ್ಪತ್ರೆಯಲ್ಲಿ ಹಾಸಿಗೆಗಳು ಬರಿಮೈಯಲ್ಲಿ ಕಾಯುತ್ತಿದ್ದವು. ದೊಡ್ಡ ರಸ್ತೆಯ ಗ್ಯಾರೇಜಿಗೆ ಫೋನ್ ಮಾಡಿದಳು. "ಇವತ್ತು ಆಗಲ್ಲಮ್ಮ, ನಾಳೆ ನೋಡೋಣ," ಎಂದ.

ಫೋನ್ ಹಿಡಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ಮನಸ್ಸು ಬೇಡ ಬೇಡ ಎನ್ನುತ್ತಿತ್ತು, ಬೆರಳು ತಮ್ಮನ ನಂಬರು ಒತ್ತಿತು.

"ಗಾಡಿ ನಿಂತಿದೆ," ಎಂದಳು.

"ಎಲ್ಲಿ?" ಎಂದ. ಅಷ್ಟೇ.

ಅವನು ತನ್ನ ಹಳೇ ಜೀಪಿನಲ್ಲಿ ಬಂದ. ಅಕ್ಕನ ಮುಖ ನೋಡಲಿಲ್ಲ. ಮೊದಲು ಗಂಟುಗಳನ್ನು ಒಂದೊಂದಾಗಿ ಜೀಪಿಗೆ ಹೇರಿ, ಆಸ್ಪತ್ರೆಗೆ ಇಳಿಸಿ ಬಂದ. ಆಮೇಲೆ ಬಾನೆಟ್ ಎತ್ತಿ, ಅಳತೆ ಕಡ್ಡಿ ಎಳೆದು, ಎಣ್ಣೆಯನ್ನು ಬೆರಳ ನಡುವೆ ಉಜ್ಜಿದ. ಎಳೆ ಬಂತು. ಅವನ ಮುಖ ಸಣ್ಣದಾಯಿತು.

"ಇದ್ಯಾರು ಹಾಕಿದ್ದು?"

ಅವಳು ಈ ಪ್ರಶ್ನೆಗಾಗಿ ಎಷ್ಟೋ ತಿಂಗಳಿಂದ ಕಾದಿದ್ದಳು. ಎದ್ದು ಬಂದು ಮುಚ್ಚಳದ ಮೇಲೆ ಬೆರಳಿಟ್ಟಳು. "ಏನು ಹಾಕ್ಬೇಕೋ ಅದನ್ನ ಹಾಕಿದ್ದು. ಓದು. ನೀನು ಇಷ್ಟು ವರ್ಷ ಹಾಕಿದ್ದು ಏನು ಅಂತ ಈಗ ನೀನೇ ಹೇಳು."

ಅವನು ಮುಚ್ಚಳದ ಕಡೆ ನೋಡಲೇ ಇಲ್ಲ. "ಅದು ಭಾವನ ಗಾಡೀದು ಕಣಕ್ಕ," ಎಂದ.

ಅವಳ ಹೆಬ್ಬೆರಳು ಸವೆದ ಅಂಚಿನ ಮೇಲೇ ಇತ್ತು, ಗಂಡನ ಹೆಬ್ಬೆರಳು ಇರುತ್ತಿದ್ದ ಜಾಗದಲ್ಲೇ. ಗುಜರಿಯವನ ಪ್ರಶ್ನೆ, ಪ್ಲಾಸ್ಟಿಕ್ಕಿನ ಮುಚ್ಚಳ, ಅದನ್ನು ಎಸೆದ ಮೂಲೆ, ಎಲ್ಲ ಒಟ್ಟಿಗೆ ನೆನಪಾದವು. ಮತ್ತೆ ಕಲ್ಲಿನ ಮೇಲೆ ಕೂತಳು.

"ಹೊಸ ಇಂಜಿನ್ನಿನ ಒಳಗೆ ಎಣ್ಣೆ ಹೋಗೋ ದಾರಿ ಸಣ್ಣದು," ಎಂದ ತಮ್ಮ, ಹಿಂದೆ ಗೇರು ಕಲಿಸುವಾಗ ಹೇಳುತ್ತಿದ್ದ ಹಾಗೇ. "ಇದಕ್ಕೆ ಐದು-ಮೂವತ್ತು. ಮೊದಲನೇ ಅಂಕಿ ಸಣ್ಣದಿದ್ದಷ್ಟೂ ಚಳೀಲಿ ಬೇಗ ಹರಿಯುತ್ತೆ. ಎರಡನೇದು, ಕಾದ ಮೇಲೆ ಎಷ್ಟು ಗಟ್ಟಿ ಉಳ್ಕೊಳುತ್ತೆ ಅಂತ. ದಪ್ಪದ್ದು ಹಾಕಿದ್ರೆ ಬೆಳಗ್ಗೆ ಬೇಗ ಮೇಲಕ್ಕೆ ಹತ್ತೋದೇ ಇಲ್ಲ, ಅಷ್ಟರಲ್ಲಿ ಒಣ ಕಬ್ಬಿಣಕ್ಕೆ ಒಣ ಕಬ್ಬಿಣ ಉಜ್ಜುತ್ತೆ. ಈಗ ಇಂಜಿನ್ನಿಗೆ ಗಾಳಿ ತುಂಬೋ ಟರ್ಬೋ ಹೋಗಿದೆ. ನೀನು ಡಾಕ್ಟರ ಕೋಟಿಗೆ ಗಟ್ಟಿ ಗಂಜಿ ಹಾಕ್ತೀಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಸಣ್ಣ ನೇಯ್ಗೆ, ಗಟ್ಟಿ ಗಂಜಿ. ಇದನ್ನು ಅವಳಿಗೆ ಯಾರೂ ಎರಡನೇ ಸಲ ಹೇಳಬೇಕಾಗಿರಲಿಲ್ಲ.

"ಮುಚ್ಚಳ ಹಳೇದು ಅಂತ ನಿಂಗೆ ಗೊತ್ತಿತ್ತಾ?"

"ಮೊದಲ ದಿನಾನೇ."

"ಮತ್ತೆ ಯಾಕೋ ಹೇಳ್ಲಿಲ್ಲ?"

ಅವನು ಕೈ ಒರೆಸಿಕೊಂಡ. "ದಿನಾ ಬೆಳಗ್ಗೆ ಅದನ್ನ ಒರೆಸ್ತಿದ್ದೆ ನೀನು. ಭಾವನ್ನ ಮಾತಾಡಿಸೋ ಹಾಗೆ. ತೆಗಿ ಅಂತ ಯಾವ ಬಾಯಲ್ಲಿ ಹೇಳ್ಲಿ? ನಾನು ಹೇಗೂ ಸರಿಯಾದ ಎಣ್ಣೆ ಹಾಕ್ತಿದ್ದೆ. ಅದರ ಪಾಡಿಗೆ ಅದು ಇತ್ತು."

"ನಾನು ಬೇರೆ ಕಡೆ ಹೋದಾಗ?"

"ಕಾದೆ," ಎಂದ ತಮ್ಮ. "ಅಕ್ಕ ಹಾಲಿನವನನ್ನ ಕೇಳ್ತಾಳೆ, ಹಣ್ಣಿನವನನ್ನ ಕೇಳ್ತಾಳೆ, ದಾರೀಲಿ ಹೋಗೋರನ್ನ ನಿಲ್ಸಿ ಕೇಳ್ತಾಳೆ. ನನ್ನನ್ನೂ ಕೇಳ್ತಾಳೆ ಅಂತ ಕಾದೆ. ಬಂದು 'ಯಾಕೋ ತೆಳು ಎಣ್ಣೆ ಹಾಕಿದೆ' ಅಂತ ಒಂದು ಸಲ ಅಂದಿದ್ರೆ ಸಾಕಿತ್ತಲ್ಲ. ಅಷ್ಟಕ್ಕೂ ಬೆಲೆ ಇಲ್ದೋನಾದ್ನಾ ನಾನು?"

ಅವನದ್ದೂ ತಪ್ಪು, ನಾನು ಇಲ್ಲ ಎನ್ನುವುದಿಲ್ಲ. ಅಭಿಮಾನ ಹಿಡಿದು ಬಾಯಿಗೆ ಬೀಗ ಹಾಕಿಕೊಂಡು, ಅಕ್ಕನ ಇಂಜಿನ್ನು ಹಾಳಾಗಲು ಬಿಡಬಾರದಿತ್ತು. ಆದರೆ ಕಲ್ಲಿನ ಮೇಲೆ ಕೂತ ಯಾಕಕ್ಕನಿಗೆ ಆ ಹೊತ್ತಿಗೆ ತಪ್ಪು ಹಂಚುವ ಶಕ್ತಿ ಇರಲಿಲ್ಲ. ಗಂಡ ಸತ್ತಾಗಲೂ ಹತ್ತು ಜನರ ಮುಂದೆ ಅಳದ ಹೆಂಗಸು, ಬೆಳ್ಳಂಬೆಳಗ್ಗೆ ರಸ್ತೆ ಬದಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ತಮ್ಮ ಪಕ್ಕದಲ್ಲಿ ಬಂದು ಕೂತ. ಎಣ್ಣೆ ಕೈಯಾದ್ದರಿಂದ ಅವಳನ್ನು ಮುಟ್ಟಲಿಲ್ಲ.

ಗಾಡಿಯನ್ನು ಎಳೆದು ಅವನ ಗ್ಯಾರೇಜಿಗೆ ತಂದರು. ಬೀದಿಯವರೆಲ್ಲ ನೋಡಿದರು; ನೋಡಲಿ ಎಂದು ಅವಳು ತಲೆ ತಗ್ಗಿಸದೆ ಜೀಪಿನಲ್ಲಿ ಕೂತಿದ್ದಳು. ಬೇಕರಿಯ ಮುಂದೆ ಜೀಪು ನಿಲ್ಲಿಸಲು ಹೇಳಿ, ಇಳಿದು, ಅಲ್ಲಿದ್ದವರಿಗೆ, "ನಾನು ಅವತ್ತು ನನ್ನ ತಮ್ಮನ ಬಗ್ಗೆ ಹೇಳಿದ್ದು ಸುಳ್ಳು," ಎಂದು ಒಂದೇ ಮಾತು ಹೇಳಿ ಮತ್ತೆ ಹತ್ತಿದಳು. ನಡುವೆ ಏನಾಯಿತೆಂದು ಅವರಿಗೆ ಅರ್ಥವಾಗಲಿಲ್ಲ, ಯಾಕೆಂದು ಕೇಳುವ ಧೈರ್ಯವೂ ಬರಲಿಲ್ಲ.

ದಪ್ಪ ಎಣ್ಣೆ ಇಳಿಯಿತು, ಹೊಸ ಟರ್ಬೋ ಬಂತು. ಎಣ್ಣೆ ಹಾಕುವ ಮುಂಚೆ ಅವಳೇ ಕಬ್ಬಿಣದ ಮುಚ್ಚಳವನ್ನು ತಿರುಗಿಸಿ ತೆಗೆದಳು. ತಮ್ಮ ನಟ್ಟು ಬೋಲ್ಟು ಹಾಕುವ ಡಬ್ಬಿಯ ತಳದಿಂದ ಪ್ಲಾಸ್ಟಿಕ್ಕಿನ ಮುಚ್ಚಳ ಹೊರತೆಗೆದ. ಅವಳು ಎಸೆದು ಹೋದ ದಿನವೇ ಎತ್ತಿಟ್ಟಿದ್ದನಂತೆ. ಅದರ ಮೇಲೂ ಅಂಕಿ ಇತ್ತು. ಅವಳು ಈ ಸಲ ಓದಿದಳು. ಕಬ್ಬಿಣದ್ದು ಈಗ ಅವಳ ಇಸ್ತ್ರಿ ಮೇಜಿನ ಮೇಲೆ, ಲೆಕ್ಕದ ಚೀಟಿಗಳು ಹಾರದಂತೆ ಕೂತಿದೆ. ಗಾಡಿ ಓಡುತ್ತಿದೆ. ಚಳಿಯ ಬೆಳಿಗ್ಗೆ ಇಂಜಿನ್ನಿನ ತಲೆಯಲ್ಲಿ ಆ ಟಕಟಕ ಮಾತ್ರ ಸ್ವಲ್ಪ ಉಳಿದುಹೋಯಿತು. ಅದು ಹೋಗುವುದಿಲ್ಲ ಎಂದು ತಮ್ಮ ಮೊದಲೇ ಹೇಳಿದ್ದ.

ಹಾಲಿನವನಿಗೆ, ಹಣ್ಣಿನವನಿಗೆ ಏನೂ ಬಿಡುಗಡೆ ಸಿಗಲಿಲ್ಲ. ಅವರನ್ನು ಅವಳು ಈಗಲೂ ಹಿಂಡುತ್ತಾಳೆ. ಸರ್ವೀಸಿಗೆ ಹೋದಾಗ ಮಾತ್ರ ಚಹಾ ಲೋಟ ಹಿಡಿದು ಹೊರಗೆ ಬಂದು ಇಂಜಿನ್ನಿನ ಪಕ್ಕ ನಿಲ್ಲುತ್ತಾಳೆ. ತಮ್ಮ ಜಗ್ಗು ಬಗ್ಗಿಸುತ್ತಾನೆ, ಎಣ್ಣೆ ಸರಸರ ಇಳಿಯುತ್ತದೆ.

"ಯಾಕೋ ಇಷ್ಟು ತೆಳು?" ಎನ್ನುತ್ತಾಳೆ.

ಅವಳಿಗೆ ಉತ್ತರ ಬಾಯಿಪಾಠ. ಅವಳಿಗೆ ಬಾಯಿಪಾಠವೆಂದು ಅವನಿಗೂ ಗೊತ್ತು. ಆದರೂ ಜಗ್ಗು ಕೆಳಗಿಟ್ಟು, "ಹೊಸ ಇಂಜಿನ್ನಿನ ಒಳಗೆ ದಾರಿ ಸಣ್ಣದು ಅಕ್ಕ," ಎಂದು ಮೊದಲಿನಿಂದ ಶುರು ಮಾಡುತ್ತಾನೆ. ಅವಳು ಚಹಾ ಆರುವ ತನಕ ನಿಂತು ಕೇಳುತ್ತಾಳೆ.